ಸಂತೆಯ ಭಾಷೆ ಸರಕಾರದ ಭಾಷೆಯಾದ ಕಥೆ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಸಾರಸಮೇತನಾಗಿ ಮನೆಗೆ ಬಂದಿದ್ದ. ಏಳನೆಯ ತರಗತಿಯಲ್ಲಿ ನನ್ನಿಂದ ಕನ್ನಡ ಮತ್ತು ಸಮಾಜ ಪಾಠಗಳನ್ನು ಕೇಳಿದವನು. ಈಗ ಹತ್ತು ಹನ್ನೆರಡು ವರ್ಷಗಳಿಂದ ಇಂಡೋನೇಷ್ಯದ ಜಕಾರ್ತದಲ್ಲಿ ಉದ್ಯೋಗದಲ್ಲಿದ್ದಾನೆ. ಕಾಫಿ ಕುಡಿದಾದ ಮೇಲೆ ತನ್ನ ಮಗಳ ಶಾಲೆಯಿಂದ ಬಂದ ಸೂಚನಾಪತ್ರವೊಂದನ್ನು ಚೀಲದಿಂದ ತೆಗೆದು, "ಮಾಸ್ಟ್ರೇ, ಇದನ್ನು ನಿಮಗೆ ತೋರಿಸಬೇಕೆಂದೇ ತಂದೆ. ಕೆಳಗಿನ ಸಹಿಯ ಹತ್ತಿರ ಏನಿದೆ, ಓದಿ ನೋಡಿ" ಎಂದ. ರೋಮನ್ ಅಕ್ಷರಗಳಲ್ಲಿದ್ದುದನ್ನು ಕೂಡಿಸಿ ಓದಿದೆ: 'ಕೆಪಾಲ ಸೆಕೋಲಾ'. ಹಾಗೆಂದರೆ ಮುಖ್ಯೋಪಾಧ್ಯಾಯ. 'ಕೆಪಾಲ' ನಮ್ಮ ಕಪಾಲವೇ. ಅಲ್ಲಿ ಅದಕ್ಕೆ ತಲೆ ಎಂದೂ ಮುಖಂಡ ಎಂದೂ ಅರ್ಥ. 'ಸೆಕೋಲಾ' ಪೋರ್ಚುಗೀಸರು ಬಿಟ್ಟುಹೋದ ಮಾತು. ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿ ಕೊನೆಯ ಐದು ವರ್ಷ ಮುಖ್ಯೋಪಾಧ್ಯಾಯನ ಕುರ್ಚಿಯಲ್ಲಿ ಕುಳಿತ ನಾನು ಆ ದೇಶದಲ್ಲಿದ್ದಿದ್ದರೆ ಒಂದು ಕಪಾಲವಾಗಿ ನಿವೃತ್ತನಾಗುತ್ತಿದ್ದೆ.

ಅಂದು ಮಧ್ಯಾಹ್ನವೆಲ್ಲ ಪದಗಳ ಪಟ್ಟಿ ಮಾಡುವುದರಲ್ಲೇ ಕಳೆಯಿತು. ಉಪಾಧ್ಯಾಯನಿಗೆ ಅಲ್ಲಿ 'ಗುರು' ಎಂದೇ ಹೆಸರು. ವಿದ್ಯಾರ್ಥಿ 'ಸಿಸ್ವ', ಅಂದರೆ ಶಿಷ್ಯ. ಕಾಲೇಜು ಸೇರಿದನೆಂದರೆ 'ಮಹಾಸಿಸ್ವ'. ಭಾಷೆ 'ಬಹಾಸ', ಭೂಮಿ 'ಬುಮಿ', ಮನುಷ್ಯ 'ಮನುಸಿಯ'. ಕೆಲವು ಪದಗಳು ಕಡಲು ದಾಟುವಾಗ ಅರ್ಥವನ್ನು ಬದಲಿಸಿಕೊಂಡಿವೆ. ನಗರವು 'ನೆಗಾರ'ವಾಗಿ ಇಡೀ ರಾಜ್ಯವನ್ನೇ ಸೂಚಿಸುತ್ತದೆ. ದೇಶವು 'ದೇಸ'ವಾಗಿ ಹಳ್ಳಿಯ ಮಟ್ಟಕ್ಕೆ ಇಳಿದಿದೆ. ಕೋಟೆಯು 'ಕೋತ'ವಾಗಿ ಪಟ್ಟಣವಾಗಿದೆ. ಸ್ವಾಮಿ ಎಂಬುದು 'ಸುವಾಮಿ' ಆಗಿ ಗಂಡ. ಸ್ತ್ರೀ ಎಂಬುದು 'ಇಸ್ತ್ರಿ' ಆಗಿ ಹೆಂಡತಿ. ಈ ಕೊನೆಯ ಮಾತಿಗೆ ನಾವು ಗಂಡಸರಿಬ್ಬರೂ ನಕ್ಕೆವು. ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನಾಕೆ ನಗಲಿಲ್ಲ. ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ ಪದ 'ಪುವಾಸ'. ಅದು ಉಪವಾಸ. ರಂಜಾನ್ ತಿಂಗಳಲ್ಲಿ ಆ ದೇಶದ ಕೋಟ್ಯಂತರ ಮುಸಲ್ಮಾನರು ಹಿಡಿಯುವ ವ್ರತಕ್ಕೆ ಇಂದಿಗೂ ಇದೇ ಹೆಸರು. ಅವರ ಸ್ವರ್ಗ 'ಸುರ್ಗ', ನರಕ 'ನೆರಾಕ'. ಮತ ಬದಲಾಯಿತು, ಬಾಯಿಯಲ್ಲಿ ಕುಳಿತ ಪದ ಬದಲಾಗಲಿಲ್ಲ.

ಇದನ್ನು ಕಂಡು ಅದೆಲ್ಲ ನಮ್ಮದೇ ಭಾಷೆ ಎಂದು ಬೀಗುವ ಅಗತ್ಯವಿಲ್ಲ. ಭಾಷೆಯ ಮೂಳೆ ಮಾಂಸಗಳು ಬೇರೆ. ಅದು ಆಸ್ಟ್ರೋನೇಷಿಯನ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಸಂಸ್ಕೃತವಾಗಲಿ ದ್ರಾವಿಡವಾಗಲಿ ಅದರ ತಾಯಿಯಲ್ಲ, ಹೆಚ್ಚೆಂದರೆ ಒಡವೆ ಕೊಟ್ಟ ನೆರೆಮನೆಯವರು. ಅರಬರಿಂದ ಅದು 'ಕುರ್ಸಿ', 'ದುನಿಯ'ಗಳನ್ನು ಪಡೆಯಿತು. ಪೋರ್ಚುಗೀಸರಿಂದ ಕಿಟಕಿಗೆ 'ಜೆಂದೆಲ', ನಮ್ಮ ಕರಾವಳಿಯ ಇಗರ್ಜಿಗೆ 'ಗೆರೆಜ'. ಡಚ್ಚರಿಂದ ಕಚೇರಿಗೆ 'ಕಂತೋರ್'. ತಮಿಳರಿಂದ ಹಡಗಿಗೆ 'ಕಪಾಲ್'. ಕೊಟ್ಟುದೂ ಉಂಟು. ನಾವು ದಿನವೂ ಆಡುವ 'ಗೋಡೌನ್' ಎಂಬ ಪದದ ಪ್ರಯಾಣವನ್ನು ನಿಘಂಟುಕಾರರು ಹೀಗೆ ಹೇಳುತ್ತಾರೆ: ತೆಲುಗು ತಮಿಳು ನಾಡಿನ ಗಿಡಂಗಿ, ಕಿಡಂಗು ಎಂಬ ಉಗ್ರಾಣದ ಮಾತು ಅಲ್ಲಿಗೆ ಹೋಗಿ 'ಗುದಾಂಗ್' ಆಯಿತು, ಅಲ್ಲಿಂದ ಪೋರ್ಚುಗೀಸರ ಬಾಯಿಗೆ, ಅವರಿಂದ ಇಂಗ್ಲಿಷಿಗೆ, ಇಂಗ್ಲಿಷಿನೊಡನೆ ಮರಳಿ ನಮ್ಮ ರೈಲ್ವೆ ಸ್ಟೇಷನ್ನಿಗೆ.

ಇಷ್ಟು ಪೀಠಿಕೆಯ ಬಳಿಕ ನಿಜವಾದ ವಿಷಯಕ್ಕೆ ಬರುತ್ತೇನೆ. ಇಂಡೋನೇಷ್ಯ ಹದಿನೇಳು ಸಾವಿರಕ್ಕೂ ಮಿಕ್ಕಿ ದ್ವೀಪಗಳ, ಏಳು ನೂರಕ್ಕೂ ಮಿಕ್ಕಿ ಭಾಷೆಗಳ ದೇಶ. ಅಂತಹ ದೇಶವು ತನಗೊಂದು ಸಾಮಾನ್ಯ ಭಾಷೆಯನ್ನು ಆರಿಸಿಕೊಳ್ಳುವಾಗ ಅತಿ ಹೆಚ್ಚು ಜನ ಆಡುವ, ಅತಿ ಶ್ರೀಮಂತ ಸಾಹಿತ್ಯವುಳ್ಳ ಜಾವಾ ಭಾಷೆಯನ್ನು ಬಿಟ್ಟು, ನೂರಕ್ಕೆ ಐದರಷ್ಟು ಜನರ ಮನೆಮಾತೆಂದು ಅಂದಾಜು ಮಾಡಲಾದ ಮಲಯ ಭಾಷೆಯನ್ನು ಎತ್ತಿಕೊಂಡಿತು. ಜಾವಾದವರೂ ಅದಕ್ಕೆ ಒಪ್ಪಿದರು. ನಮ್ಮ ದೇಶದ ಭಾಷಾ ಜಗಳಗಳನ್ನು ಕಂಡ ನನಗೆ ಇದು ಮೊದಲು ನಂಬಲಾಗದ ಸಂಗತಿಯಾಗಿ ತೋರಿತು. ವಿದ್ಯಾರ್ಥಿ ಹೊರಟುಹೋದ ಮೇಲೆ ಕೆಲವು ತಿಂಗಳು ಇದನ್ನೇ ಓದಿದೆ.

ಮಲಯದ ತವರು ಸುಮಾತ್ರ ದ್ವೀಪದ ಪೂರ್ವದ ಕರಾವಳಿ ಮತ್ತು ಅದರೆದುರಿನ ಮಲಾಕ್ಕ ಜಲಸಂಧಿಯ ದಡಗಳು. ಪಾಲೆಂಬಾಂಗ್ ಪಟ್ಟಣದ ಬಳಿ 1920ರಲ್ಲಿ ದೊರೆತ ಕೆದುಕಾನ್ ಬುಕಿತ್ ಶಾಸನ ಏಳನೆಯ ಶತಮಾನದ ಕೊನೆಯ ಭಾಗದ್ದು; ಭಾಷೆ ಹಳೆಯ ಮಲಯ, ಲಿಪಿ ಪಲ್ಲವರ ಲಿಪಿಯ ಸಂತಾನ, ಕಾಲಗಣನೆ ಶಕವರ್ಷದ್ದು, ಆರಂಭ ನಮ್ಮ ಶಾಸನಗಳಂತೆಯೇ 'ಸ್ವಸ್ತಿ ಶ್ರೀ' ಎಂದು. ಅಲ್ಲಿ ಆಳಿದ ರಾಜ್ಯದ ಹೆಸರು ಶ್ರೀವಿಜಯ. (ಕವಿರಾಜಮಾರ್ಗದ ಶ್ರೀವಿಜಯನಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ.) ಚೀನಾದ ಯಾತ್ರಿಕ ಇತ್ಸಿಂಗ್ 671ರಲ್ಲಿ ನಾಲಂದಾಕ್ಕೆ ಹೊರಟವನು ದಾರಿಯಲ್ಲಿ ಆರು ತಿಂಗಳು ಇಲ್ಲಿ ನಿಂತು ಸಂಸ್ಕೃತ ವ್ಯಾಕರಣ ಕಲಿತ. ಕಲಿಕೆಯ ಭಾಷೆ ಸಂಸ್ಕೃತ, ಬಂದರಿನ ಭಾಷೆ ಮಲಯ. ಎರಡೂ ಒಂದೇ ಊರಿನಲ್ಲಿ ಬೆರೆತುದರ ಫಲವೇ ಮೇಲೆ ನಾನು ಕೊಟ್ಟ ಪದಪಟ್ಟಿ.

ಶ್ರೀವಿಜಯದ ಬಳಿಕ ಮಲಾಕ್ಕ ಬಂತು. ಹಾಯಿಹಡಗುಗಳ ಕಾಲದಲ್ಲಿ ಗಾಳಿಯೇ ಯಜಮಾನ. ಒಂದು ಮಳೆಗಾಲದ ಗಾಳಿ ಗುಜರಾತಿನವರನ್ನೂ ತಮಿಳರನ್ನೂ ಅರಬರನ್ನೂ ಪೂರ್ವಕ್ಕೆ ತಳ್ಳುತ್ತಿತ್ತು. ಇನ್ನೊಂದು ಗಾಳಿ ಚೀನಾದವರನ್ನು ದಕ್ಷಿಣಕ್ಕೆ ತರುತ್ತಿತ್ತು. ಹಿಂದಿರುಗಲು ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯುವವರು ಕೊಳ್ಳಬೇಕು, ಮಾರಬೇಕು, ಊಟ ಮಾಡಬೇಕು, ಜಗಳವಾಡಬೇಕು. ಇದಕ್ಕೆಲ್ಲ ಒಂದು ಮಾತು ಬೇಕಲ್ಲವೆ? ಪೋರ್ಚುಗೀಸರು 1511ರಲ್ಲಿ ಮಲಾಕ್ಕವನ್ನು ಹಿಡಿದ ಮೇಲೆ ಅಲ್ಲಿದ್ದ ತೊಮೆ ಪಿರೇಸ್ ಎಂಬಾತ ಆ ಬಂದರಿನಲ್ಲಿ ಎಂಬತ್ತನಾಲ್ಕು ಭಾಷೆಗಳು ಕೇಳಿಸುತ್ತವೆಂದು ಬರೆದಿಟ್ಟಿದ್ದಾನೆ. ಅಷ್ಟು ಭಾಷೆಗಳ ನಡುವೆ ನಿಂತು ದರ ಹೇಳಲು ಬಂದದ್ದು ಮಲಯವೇ. ಲಿಂಗಭೇದವಿಲ್ಲ, ವಿಭಕ್ತಿಯಿಲ್ಲ, ಕಾಲಕ್ಕೆ ತಕ್ಕಂತೆ ಕ್ರಿಯಾಪದವನ್ನು ತಿರುಚಬೇಕಾಗಿಲ್ಲ. ಬಹುವಚನ ಬೇಕಾದರೆ ಪದವನ್ನು ಎರಡು ಸಲ ಹೇಳಿದರಾಯಿತು. ನಮ್ಮ ಸಪ್ತವಿಭಕ್ತಿಗಳಲ್ಲಿ ಮುಗ್ಗರಿಸಿದ ನನ್ನ ಹಳೆಯ ಶಿಷ್ಯರಿಗೆ ಈ ಭಾಷೆ ಹಿತವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಸರಳವಾದ ಭಾಷೆ ಎಂಬ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು. ಸಂತೆಯ ಮಲಯ ಸರಳ. ಅರಮನೆಯ ಮತ್ತು ಗ್ರಂಥಗಳ ಮಲಯ ಹಾಗಲ್ಲ.

ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾದದ್ದು 1602ರಲ್ಲಿ. ಮರುವರ್ಷವೇ ಮಲಯ ಭಾಷೆಯ ಒಂದು ಪದಕೋಶ ಅಚ್ಚಾಯಿತು. ಅದನ್ನು ರಚಿಸಿದ ಫ್ರೆಡರಿಕ್ ದ ಹೌಟ್‌ಮನ್ ಸುಮಾತ್ರದ ಆಚೆಯಲ್ಲಿ ಸೆರೆಯಾಳಾಗಿದ್ದಾಗ ಭಾಷೆಯನ್ನು ಕಲಿತವನು. ಅದೇ ಪುಸ್ತಕದಲ್ಲಿ ಮಡಗಾಸ್ಕರ್ ದ್ವೀಪದ ಭಾಷೆಯ ಪದಗಳೂ ಇವೆ. ಆಫ್ರಿಕದ ಮಗ್ಗುಲಿನ ಆ ದ್ವೀಪದ ಭಾಷೆ ಬೋರ್ನಿಯೋದ ಭಾಷೆಗಳ ಸಮೀಪದ ಬಂಧು ಎಂಬುದು ಇನ್ನೂ ದೊಡ್ಡ ಕಥೆ. ಅದನ್ನು ಮತ್ತೊಮ್ಮೆ ಬರೆಯುತ್ತೇನೆ. ಡಚ್ಚರು ತಮ್ಮ ಭಾಷೆಯನ್ನು ಪ್ರಜೆಗಳಲ್ಲಿ ಹರಡಲು ಬಹುಕಾಲ ಮನಸ್ಸು ಮಾಡಲಿಲ್ಲ. ಸಾಹೇಬನ ಭಾಷೆ ಆಳಿನ ಬಾಯಿಗೆ ಬಂದರೆ ಅಂತರ ಉಳಿಯುವುದಿಲ್ಲವಷ್ಟೆ. ಅವರು ಮಲಯದಲ್ಲಿಯೇ ಹುಕುಂ ಹೊರಡಿಸಿದರು, ಪಾದ್ರಿಗಳು ಮಲಯದಲ್ಲಿಯೇ ಉಪದೇಶಿಸಿದರು. ಇಂಡಿಯಾದಲ್ಲಿ ಇಂಗ್ಲಿಷು ಮಾಡಿದ ಕೆಲಸವನ್ನು ಅಲ್ಲಿ ಡಚ್ ಮಾಡದೆ ಹೋಯಿತು. ಆ ಖಾಲಿ ಜಾಗ ಮಲಯಕ್ಕೆ ಸಿಕ್ಕಿತು.

ಈಗ ಜಾವಾದವರ ವಿಷಯ. ನನಗೆ ಈ ಚರಿತ್ರೆಯಲ್ಲಿ ಅತ್ಯಂತ ರುಚಿಸಿದ ಭಾಗ ಇದು.

ಜಾವಾ ಭಾಷೆಯಲ್ಲಿ ಮಾತಿಗೆ ಅಂತಸ್ತುಗಳಿವೆ. ಕೆಳಗಿನದು 'ಙೊಕೊ'. ನಮ್ಮ ವರ್ಣಮಾಲೆಯಲ್ಲಿ ಪದದ ಮೊದಲಿಗೆ ನಿಲ್ಲುವ ಭಾಗ್ಯವಿಲ್ಲದೆ ಕುಳಿತಿರುವ ಙ ಅಕ್ಷರಕ್ಕೆ ಕೊನೆಗೂ ಒಂದು ಉದ್ಯೋಗ ದೊರೆತಂತಾಯಿತು. ಮೇಲಿನದು 'ಕ್ರಮ', ಇದು ನಮ್ಮ ಕ್ರಮವೇ. ಅದಕ್ಕೂ ಮೇಲೆ, ಹಿರಿಯರ ಮೈಗೂ ಮನೆಗೂ ಕೆಲಸಕ್ಕೂ ಸಂಬಂಧಿಸಿದ 'ಕ್ರಮ ಇಂಗಿಲ್' ಎಂಬ ಗೌರವಪದಗಳ ಗುಂಪು. ನಾನು ಉಣ್ಣುವುದು 'ಮಾಂಗಾನ್'. ಮರ್ಯಾದೆಯ ಮಾತಿನಲ್ಲಿ 'ನೆದಾ'. ಪೂಜ್ಯರು ಉಣ್ಣುವುದಾದರೆ 'ದಹಾರ್'. ಮನೆ 'ಒಮಾ', ಮರ್ಯಾದೆಯಲ್ಲಿ 'ಗ್ರಿಯ' (ಇದು ಗೃಹ), ದೊಡ್ಡವರದ್ದಾದರೆ 'ದಲೆಮ್'. ನಿದ್ರೆಗೆ ಮೂರು, ಹೋಗುವುದಕ್ಕೆ ಮೂರು. ಕೊನೆಗೆ ಅನ್ನಕ್ಕೂ ಎರಡು ಹೆಸರು. ಕೇಳುವವನು ಯಾರು, ಹೇಳುವವನು ಯಾರು ಎಂಬುದು ಗೊತ್ತಾಗದೆ ಬಾಯಿ ತೆರೆಯುವಂತಿಲ್ಲ.

ನಮಗೆ ಇದು ತೀರ ಅಪರಿಚಿತವೇನಲ್ಲ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲು ನಮ್ಮಲ್ಲೂ ಉಂಟು. ಹಳೆಯ ಕಾವ್ಯಗಳಲ್ಲಿ ಅರಸ ಬರುವುದಿಲ್ಲ, ಬಿಜಯಂಗೈಯುತ್ತಾನೆ, ಕೇಳುವುದಿಲ್ಲ, ಚಿತ್ತೈಸುತ್ತಾನೆ. ಮಠಗಳಲ್ಲಿ, ದೇವರ ಮುಂದೆ ಊಟವು ಆರೋಗಣೆಯಾಗುತ್ತದೆ. ನಮ್ಮಲ್ಲಿ ಹತ್ತಿಪ್ಪತ್ತು ಪದಗಳಲ್ಲಿ ನಿಂತುಹೋದದ್ದು ಅವರಲ್ಲಿ ದೈನಂದಿನ ಬದುಕಿನ ನೂರಾರು ಪದಗಳಿಗೆ ವ್ಯಾಪಿಸಿತು.

ಜಾವಾದ ಜೆಪಾರ ಎಂಬಲ್ಲಿಯ ಅಧಿಕಾರಿಯೊಬ್ಬನ ಮಗಳು ಕಾರ್ತಿನಿ (1879–1904) ತನ್ನ ಡಚ್ ಗೆಳತಿಗೆ 1899ರಲ್ಲಿ ಬರೆದ ಪತ್ರವೊಂದರಲ್ಲಿ ಈ ಕಟ್ಟಳೆ ಹೇಗಿತ್ತೆಂದು ವಿವರಿಸಿದ್ದಾಳೆ. ತಮ್ಮ ತಂಗಿಯರು ಅಕ್ಕನ ಮುಂದೆ ಹಾದುಹೋಗಬೇಕಾದರೆ ನೆಲದ ಮೇಲೆ ತೆವಳಬೇಕು. ಅವಳೊಡನೆ ಉನ್ನತ ಜಾವಾ ಭಾಷೆಯಲ್ಲಿಯೇ ಮಾತಾಡಬೇಕು. ತಾನು ಮತ್ತು ತನ್ನ ತಂಗಿಯರು ತಮ್ಮೊಳಗೆ ಇದನ್ನೆಲ್ಲ ಕೈಬಿಟ್ಟೆವೆಂದು ಅವಳು ತಿಳಿಸುತ್ತಾಳೆ. ಗಮನಿಸಬೇಕಾದ ಸಂಗತಿಯೆಂದರೆ ಇಷ್ಟನ್ನೂ ಅವಳು ಬರೆದದ್ದು ಡಚ್ ಭಾಷೆಯಲ್ಲಿ. ತನ್ನ ಭಾಷೆಯ ಏಣಿಯ ಬಗ್ಗೆ ದೂರಲು ಅವಳಿಗೆ ಏಣಿಯ ಹೊರಗೆ ಬಂದು ನಿಲ್ಲಬೇಕಾಯಿತು. ಇಪ್ಪತ್ತೈದರ ಪ್ರಾಯದಲ್ಲಿ, ಚೊಚ್ಚಲ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಪತ್ರಗಳು 1911ರಲ್ಲಿ ಪುಸ್ತಕವಾದವು.

ಭಾಷೆಯನ್ನು ಒಳಗಿನಿಂದಲೇ ತಿದ್ದಲು ಹೊರಟವರೂ ಇದ್ದರು. 1917ರ ಸುಮಾರಿಗೆ ಸುರಬಾಯ ಪಟ್ಟಣದಲ್ಲಿ 'ಜಾವಾ ದ್ವೀಪ' ಎಂಬ ಹೆಸರಿನ ಚಳವಳಿ ಎದ್ದಿತು. ಕ್ರಮವನ್ನು ಬಿಟ್ಟುಬಿಡೋಣ, ಎಲ್ಲರೂ ಎಲ್ಲರೊಡನೆ ಙೊಕೊ ಆಡೋಣ ಎಂಬುದು ಅದರ ಬೇಡಿಕೆ. ಚಳವಳಿ ಗೆಲ್ಲಲಿಲ್ಲ. ಹೇಗೆ ಗೆದ್ದೀತು? ನಾಳೆಯಿಂದ ನಮ್ಮ ಊರಿನ ಹಿರಿಯರನ್ನೆಲ್ಲ ಏಕವಚನದಲ್ಲಿ ಕರೆಯಿರಿ ಎಂದರೆ ತತ್ವ ಎಷ್ಟೇ ಸರಿಯಾಗಿರಲಿ, ನಾಲಗೆ ಏಳುವುದಿಲ್ಲ.

ಇಂತಹ ಹೊತ್ತಿನಲ್ಲಿ ಮಲಯ ಒಂದು ಬಿಡುಗಡೆಯಾಗಿ ಕಂಡಿತು. ಅದು ಯಾವ ದೊಡ್ಡ ಜನಾಂಗದ ಸೊತ್ತೂ ಅಲ್ಲ, ಆಳುವವರ ಭಾಷೆಯೂ ಅಲ್ಲ. ಅದರಲ್ಲಿ ಮಾತಾಡಿದರೆ ಎದುರಿನವನಿಗಿಂತ ನಾನು ಮೇಲೋ ಕೆಳಗೋ ಎಂದು ಪ್ರತಿ ಪದದಲ್ಲೂ ಲೆಕ್ಕ ಹಾಕಬೇಕಾಗಿಲ್ಲ. 1926ರಲ್ಲಿ ಸೇರಿದ ಮೊದಲ ಯುವಜನ ಸಮ್ಮೇಳನದಲ್ಲಿ ಸುಮಾತ್ರದ ಮೊಹಮ್ಮದ್ ಯಾಮಿನ್ ಮಲಯದ ಪರ ಮಾತಾಡಿದ. ಮದುರಾ ದ್ವೀಪದವನಾದ ತಬ್ರಾನಿ ತಕರಾರು ತೆಗೆದ. ಭಾಷೆಯ ಬಗ್ಗೆ ಅಲ್ಲ, ಹೆಸರಿನ ಬಗ್ಗೆ. ನಾಡಿಗೂ ಜನಕ್ಕೂ ಇಂಡೋನೇಷ್ಯದ ಹೆಸರನ್ನು ಇಡುವುದಾದರೆ ಭಾಷೆಗೆ ಮಾತ್ರ ಮಲಯವೆಂಬ ಹೆಸರೇಕೆ ಎಂಬುದು ಅವನ ವಾದ. ಒಂದು ಜನಾಂಗದ ಹೆಸರು ಅಂಟಿದ್ದರೆ ಉಳಿದವರಿಗೆ ಅದು ಪರರದ್ದಾಗಿಯೇ ಉಳಿಯುತ್ತದೆ. ಎರಡು ವರ್ಷಗಳ ಬಳಿಕ, 1928ರ ಅಕ್ಟೋಬರ್ 28ರಂದು, ಬಟಾವಿಯದಲ್ಲಿ (ಅದೇ ಇಂದಿನ ಜಕಾರ್ತ) ನಡೆದ ಎರಡನೆಯ ಸಮ್ಮೇಳನ ಮೂರು ಪ್ರತಿಜ್ಞೆಗಳನ್ನು ಕೈಗೊಂಡಿತು. ಒಂದೇ ನಾಡು, ಒಂದೇ ಜನ ಎಂಬುವು ಮೊದಲಿನ ಎರಡು. ಮೂರನೆಯದರಲ್ಲಿ 'ಒಂದೇ ಭಾಷೆ' ಎಂದಿಲ್ಲ. ಐಕ್ಯದ ಭಾಷೆಯಾದ ಇಂಡೋನೇಷ್ಯದ ಭಾಷೆಯನ್ನು ಎತ್ತಿಹಿಡಿಯುತ್ತೇವೆ ಎಂದಷ್ಟೇ ಇದೆ. ಅವರವರ ಮನೆಮಾತಿಗೆ ಜಾಗ ಬಿಟ್ಟು ಬರೆದ ವಾಕ್ಯ. ವ್ಯಾಕರಣದ ಮಾಸ್ತರನಾದ ನನಗೆ ಇಂತಹ ವಾಕ್ಯವನ್ನು ಬರೆದವರ ಮೇಲೆ ಗೌರವ ಹುಟ್ಟುತ್ತದೆ.

ಮುಂದಿನ ಚರಿತ್ರೆ ವೇಗವಾಗಿ ಓಡುತ್ತದೆ. 1942ರಲ್ಲಿ ಜಪಾನೀಯರು ಬಂದರು, ಡಚ್ ಭಾಷೆಯನ್ನು ನಿಷೇಧಿಸಿದರು. ಜಪಾನಿ ಭಾಷೆಯನ್ನು ಒಂದೇ ದಿನದಲ್ಲಿ ಕಲಿಸಲಾಗದ ಕಾರಣ ಶಾಲೆ ಕಚೇರಿಗಳೆಲ್ಲ ಇಂಡೋನೇಷಿಯನ್‌ಗೆ ತಿರುಗಿದವು. ಅದೇ ವರ್ಷ ನೇಮಕವಾದ ಭಾಷಾ ಸಮಿತಿ ಸಾವಿರಾರು ಪಾರಿಭಾಷಿಕ ಪದಗಳನ್ನು ರೂಪಿಸಿತು. 1945ರ ಸಂವಿಧಾನದ 36ನೆಯ ವಿಧಿ ಅದನ್ನು ರಾಜ್ಯದ ಭಾಷೆಯೆಂದು ಸಾರಿತು. 1972ರಲ್ಲಿ ಮಲೇಷ್ಯದೊಡನೆ ಮಾತಾಡಿಕೊಂಡು ಕಾಗುಣಿತವನ್ನೂ ಸರಿಪಡಿಸಿಕೊಂಡರು. 2023ರ ನವೆಂಬರ್‌ನಲ್ಲಿ ಯುನೆಸ್ಕೋದ ಮಹಾಸಭೆ ಅದನ್ನು ತನ್ನ ಹತ್ತನೆಯ ಅಧಿಕೃತ ಭಾಷೆಯಾಗಿ ಅಂಗೀಕರಿಸಿತು. ಒಂದು ಸಂತೆಯ ಮಾತಿಗೆ ಇದು ಸಾಮಾನ್ಯ ಪ್ರಯಾಣವಲ್ಲ.

ಜಾವಾದ ಬ್ಲೋರ ಊರಿನವನಾದ ಪ್ರಮುದ್ಯ ಅನಂತ ತೂರ್ (1925–2006) ತನ್ನ ಕಾದಂಬರಿಗಳನ್ನು ಬರೆದದ್ದು ಇಂಡೋನೇಷಿಯನ್‌ನಲ್ಲಿ. ವಿಚಾರಣೆಯಿಲ್ಲದೆ ಬುರು ದ್ವೀಪದ ಸೆರೆಯಲ್ಲಿದ್ದಾಗ, ಬರೆಯಲು ಅನುಮತಿಯಿಲ್ಲದ ದಿನಗಳಲ್ಲಿ, ತನ್ನ ಅತ್ಯಂತ ಪ್ರಸಿದ್ಧ ಕಥೆಯನ್ನು ಸಂಗಡದ ಕೈದಿಗಳಿಗೆ ಬಾಯಲ್ಲಿ ಹೇಳಿದ. 1980ರಲ್ಲಿ ಅದು ಪ್ರಕಟವಾಯಿತು, 1981ರಲ್ಲಿ ನಿಷೇಧಕ್ಕೆ ಒಳಗಾಯಿತು. ಹೆಸರು 'ಬುಮಿ ಮನುಸಿಯ'. ಅನುವಾದಕರ ನೆರವಿಲ್ಲದೆ ನಮಗೆ ಅರ್ಥವಾಗುವ ಶೀರ್ಷಿಕೆ. ಅದರ ನಾಯಕ, ಡಚ್ ಶಾಲೆಯಲ್ಲಿ ಕಲಿತ ಜಾವಾದ ಯುವಕ, ಅಧಿಕಾರಿಯ ಮುಂದೆ ನೆಲದ ಮೇಲೆ ತೆವಳಿಕೊಂಡು ಹೋಗಬೇಕಾಗಿ ಬರುವ ಪ್ರಸಂಗ ಓದಿದಾಗ ನನಗೆ ಕಾರ್ತಿನಿಯ ಪತ್ರ ನೆನಪಾಯಿತು.

ಹಾಗೆಂದು ಮಾತು ಬದಲಾದೊಡನೆ ಮನುಷ್ಯರೆಲ್ಲ ಸಮಾನರಾದರೆಂದು ತಿಳಿಯಬಾರದು. ಎಲ್ಲರಿಗೂ ಸಲ್ಲುವ ಒಂದು 'ನೀವು' ಬೇಕೆಂದು 1957ರಲ್ಲಿ 'ಆಂದ' ಎಂಬ ಸರ್ವನಾಮವನ್ನು ಪತ್ರಿಕೆಯ ಮೂಲಕ ಚಲಾವಣೆಗೆ ತಂದರು. ಜಾಹೀರಾತುಗಳಲ್ಲಿ, ಅರ್ಜಿ ನಮೂನೆಗಳಲ್ಲಿ ಅದು ಓಡಾಡುತ್ತದೆ. ಆದರೆ ನನ್ನ ಶಿಷ್ಯ ಹೇಳುವಂತೆ ಕಚೇರಿಯಲ್ಲಿ ಮೇಲಧಿಕಾರಿಯನ್ನು ಯಾರೂ 'ಆಂದ' ಎನ್ನುವುದಿಲ್ಲ. 'ಪಾಕ್', 'ಇಬು' ಎನ್ನುತ್ತಾರೆ. ಅಪ್ಪ, ಅಮ್ಮ. ಶಾಲೆಯ ಮಾಸ್ತರ 'ಪಾಕ್ ಗುರು'. ಮುಂಬಾಗಿಲಲ್ಲಿ ಕಳುಹಿಸಿಕೊಟ್ಟ ಮರ್ಯಾದೆ ನೆಂಟಸ್ತಿಕೆಯ ವೇಷದಲ್ಲಿ ಹಿತ್ತಿಲಿನಿಂದ ಒಳಗೆ ಬಂದಿದೆ. ನನಗೇನೂ ಇದರಿಂದ ಬೇಸರವಿಲ್ಲ.

ಬೇಸರದ ಸಂಗತಿ ಬೇರೆ ಇದೆ. 2010ರ ಜನಗಣತಿಯಲ್ಲಿ ಮನೆಯಲ್ಲಿಯೂ ಇಂಡೋನೇಷಿಯನ್ ಆಡುವವರು ನೂರಕ್ಕೆ ಇಪ್ಪತ್ತರಷ್ಟಿದ್ದರು. ಪಟ್ಟಣಗಳಲ್ಲಿ ಈ ಪ್ರಮಾಣ ಬೆಳೆಯುತ್ತಿದೆ. ನನ್ನ ಶಿಷ್ಯನ ಸಹೋದ್ಯೋಗಿ ಜಾವಾದ ಒಳನಾಡಿನವರು. ಅವರ ಮಕ್ಕಳಿಗೆ ಙೊಕೊ ಅಲ್ಪಸ್ವಲ್ಪ ಬರುತ್ತದೆ, ಕ್ರಮ ಬರುವುದಿಲ್ಲ. ಅಜ್ಜಿಯ ಮನೆಗೆ ಹೋದರೆ ಙೊಕೊ ಆಡುವಂತಿಲ್ಲ, ಅದು ಅವಿಧೇಯತೆ. ಇಂಡೋನೇಷಿಯನ್ ಆಡಿದರೆ ಅಜ್ಜಿಗೆ ಕಚೇರಿಗೆ ಬಂದಂತೆ ಅನ್ನಿಸುತ್ತದೆ. ಆದ್ದರಿಂದ ಮಕ್ಕಳು ಅಜ್ಜಿಯೆದುರು ಸುಮ್ಮನೆ ಕುಳಿತು ನಗುತ್ತಾರಂತೆ. ಏಣಿಯ ಭಾಷೆಯನ್ನು ಇಳಿಸಿದ್ದು ಸರಿಯೇ ಆಯಿತೆಂದು ನಾನು ಇಂದಿಗೂ ನಂಬುತ್ತೇನೆ. ಆದರೂ ಆ ಅಜ್ಜಿಯ ಚಿತ್ರ ಮನಸ್ಸಿನಿಂದ ಹೋಗಲಿಲ್ಲ.

ಅದಕ್ಕೆ ಕಾರಣವುಂಟು. ನಮ್ಮ ಮನೆಮಾತು ತುಳು, ನಾನು ಕಲಿಸಿದ್ದು ಕನ್ನಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1970ರ ದಶಕದಲ್ಲಿ, ತರಗತಿಯಲ್ಲಿ ತುಳು ಆಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಪದ್ಧತಿಯನ್ನು ನಾನೇ ಇಟ್ಟುಕೊಂಡಿದ್ದೆ. ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಮಕ್ಕಳ ಕನ್ನಡ ಶುದ್ಧವಾಗಲೆಂಬ ಆತುರ ನನಗೆ. ಒಂದು ಜೂನ್ ತಿಂಗಳ ಮಧ್ಯಾಹ್ನ ಪದ್ಯ ಓದಿಸುತ್ತಿದ್ದಾಗ ಐದನೆಯ ತರಗತಿಯ ಹುಡುಗನೊಬ್ಬ ಕಿಟಕಿಯತ್ತ ನೋಡಿ ಸಂಭ್ರಮದಿಂದ "ಬರ್ಸ ಬತ್ತ್ಂಡ್" ಎಂದು ಕೂಗಿದ. ಮಳೆ ಬಂತು ಎಂದು. ಅವನನ್ನು ಗಂಟೆ ಹೊಡೆಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ಪಾಠ ಯಾರಿಗೂ ಕೇಳಿಸುತ್ತಲೂ ಇರಲಿಲ್ಲ. 'ವರ್ಷ' ಎಂದರೆ ಮಳೆ ಎಂದು ಅದೇ ವಾರ ನಾನೇ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ್ದೆ. ಬರ್ಸ ಎಂಬುದು ಆ ವರ್ಷವೇ ಎಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ. ಆ ಹುಡುಗ ಮರುವರ್ಷ ಶಾಲೆ ಬಿಟ್ಟ. ಮಳೆಗೂ ಅದಕ್ಕೂ ಸಂಬಂಧವಿಲ್ಲ, ಮನೆಯಲ್ಲಿ ಬಡತನ. ಆದರೂ ಲೆಕ್ಕಕ್ಕೆ ಬಾರದೆ ಹೋಗುವುದಿಲ್ಲ.

ಇದನ್ನು ಶಿಷ್ಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಜಗಲಿಯಲ್ಲಿ ಆಡುತ್ತಿದ್ದ ತನ್ನ ಮಗಳನ್ನು ಕರೆದು ಮಳೆಗೆ ಅಲ್ಲಿ ಏನೆನ್ನುತ್ತಾರೆಂದು ಕೇಳಿದ. ಹುಡುಗಿ ಇಂಡೋನೇಷಿಯನ್‌ನಲ್ಲಿ 'ಹುಜಾನ್' ಎಂದಳು. ಜಾವಾ ಭಾಷೆಯಲ್ಲಿ ಎಂದರೆ, ಗೆಳತಿಯರೊಡನೆ 'ಉದಾನ್', ಗೆಳತಿಯ ಅಜ್ಜಿಯೊಡನೆ 'ಜವಾ' ಎಂದು ಬೆರಳು ಮಡಚಿ ಹೇಳಿದಳು. ತುಳುವಿನಲ್ಲಿ? ಅವಳು ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದ. ನಾನೇ ಹೇಳಿಕೊಟ್ಟೆ.